ಕಷ್ಟದ ದಿನಗಳಲ್ಲಿ ಸಂಸಾರ ಮತ್ತು ಸಂತೋಷ: ಪದೇ ಪದೇ ಕೇಳುವ ಪ್ರಶ್ನೆಗಳು

ಅಡಿಕೆ ತೋಟಕ್ಕೆ ಎಲೆಚುಕ್ಕೆ ರೋಗ ಬಂದಿದೆ, ಗಲ್ಫಿನಲ್ಲಿದ್ದವರು ಕೆಲಸ ಬಿಟ್ಟು ಬಂದಿದ್ದಾರೆ, ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಿದ್ದಾರೆ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆಯ ಮನೆಗಳಲ್ಲಿ ಕೇಳಿಬರುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಇಲ್ಲಿಂದಲೇ ಶುರುವಾಗುತ್ತವೆ. "ಎಲ್ಲ ಒಮ್ಮೆ ಸರಿಯಾಗಲಿ, ಆಮೇಲೆ ನೋಡುವ" ಎಂಬ ಮಾತು ನಮ್ಮಲ್ಲಿ ಬಹಳ. ಕೆಲವನ್ನು ಹಾಗೆ ಮುಂದೂಡಬಹುದು. ಕೆಲವನ್ನು ಮುಂದೂಡಿದರೆ ಮತ್ತೆ ಸಿಗುವುದಿಲ್ಲ. ಯಾವುದು ಯಾವ ಜಾತಿಯದ್ದೆಂದು ಬೇರ್ಪಡಿಸಿಕೊಳ್ಳಲು ಈ ಉತ್ತರಗಳು.

ಇಂಥ ಕಾಲದಲ್ಲಿ ಮದುವೆ, ಮಗು ಎಂದು ಯೋಚಿಸುವುದು ಸರಿಯೇ?

ಮೊದಲು ಕಷ್ಟದ ಅವಧಿಯನ್ನು ಅಳೆಯಿರಿ. ಗಂಡನಿಗೆ ಆರು ತಿಂಗಳಿಂದ ಕೆಲಸವಿಲ್ಲ ಎಂದಾದರೆ ಒಂದು ವರ್ಷ ಕಾಯುವುದರಲ್ಲಿ ನಷ್ಟವಿಲ್ಲ. ಆದರೆ ರೋಗ ಬಂದ ತೋಟವನ್ನು ಕಡಿದು ಹೊಸ ಅಡಿಕೆ ಗಿಡ ನೆಟ್ಟರೆ ಫಸಲು ಕೈಗೆ ಬರಲು 5–6 ವರ್ಷ ಬೇಕು. ಈಗ 31 ವರ್ಷದ ಹೆಂಡತಿಗೆ ಆಗ 36–37 ಆಗಿರುತ್ತದೆ. 35 ದಾಟಿದ ಮೇಲೆ ಗರ್ಭ ನಿಲ್ಲುವ ಸಾಧ್ಯತೆ ಇಳಿಯುತ್ತದೆ, ಗರ್ಭಪಾತದ ಸಾಧ್ಯತೆ ಏರುತ್ತದೆ. ಅಂಥ ಮನೆಯಲ್ಲಿ ತೋಟವನ್ನು ಕಾಯುತ್ತಾ ಮಗುವನ್ನು ಮುಂದೂಡಬೇಡಿ. ಮುಂದೂಡಬಹುದಾದದ್ದು ಕಾರು, ಮಾಳಿಗೆ, ಟೈಲ್ಸ್.

ಮದುವೆಯ ಮಾತೂ ಹಾಗೆಯೇ. ನಿಲ್ಲಿಸಬೇಕಾದದ್ದು ಮದುವೆಯನ್ನಲ್ಲ, ಅದರ ಖರ್ಚನ್ನು. ಊಟದ ಎಲೆಯ ಲೆಕ್ಕ ಮೊದಲು, ಹಾಲ್ ಆಮೇಲೆ. ಹಾಲ್ ದೊಡ್ಡದಿದೆ ಎಂಬ ಕಾರಣಕ್ಕೇ ಕರೆಯುವವರ ಪಟ್ಟಿ ಉದ್ದವಾಗುತ್ತದೆ. ಮದುವೆಯಾದ 45 ದಿನಗಳ ಒಳಗೆ ಪಂಚಾಯತಿಯಲ್ಲಿ ನೋಂದಣಿ ಮಾಡಿಸಿಬಿಡಿ. ವೀಸಾ, ಪಿಂಚಣಿ, ಪಾಸ್‌ಪೋರ್ಟ್ ಎಲ್ಲಕ್ಕೂ ಮುಂದೆ ಆ ಕಾಗದವೇ ಬೇಕು.

ವರ್ಷಕ್ಕೆ ಎಷ್ಟು ಬರುತ್ತದೆಂದೇ ಗೊತ್ತಿಲ್ಲ. ಸಂಸಾರದ ಲೆಕ್ಕ ಹಾಕುವುದು ಹೇಗೆ?

ಕಳೆದ 5 ವರ್ಷಗಳ ಅಡಿಕೆ ಮಾರಿದ ಚೀಟಿಗಳನ್ನು ತೆಗೆಯಿರಿ. ಸರಾಸರಿ ಬೇಡ, ಅತಿ ಕಡಿಮೆ ಬಂದ ವರ್ಷವನ್ನು ಹಿಡಿಯಿರಿ. ಆ ವರ್ಷ ಗೊಬ್ಬರ, ಮದ್ದು, ಕೊಯ್ಲಿನ ಕೂಲಿ ಕಳೆದು 1,80,000 ಉಳಿದಿತ್ತು ಎಂದುಕೊಳ್ಳಿ. 12ರಿಂದ ಭಾಗಿಸಿದರೆ 15,000. ಮನೆಯ ತಿಂಗಳ ಸಂಬಳ ಅದು. ಮಾರಿದ ಹಣವೆಲ್ಲ ಒಂದು ಖಾತೆಗೆ ಹೋಗಲಿ; ಅಲ್ಲಿಂದ ಪ್ರತಿ ತಿಂಗಳ 1ನೇ ತಾರೀಕು 15,000 ಮಾತ್ರ ಇನ್ನೊಂದು ಖಾತೆಗೆ ತಾನಾಗಿಯೇ ವರ್ಗವಾಗುವಂತೆ ಬ್ಯಾಂಕಿನಲ್ಲಿ ಬರೆದುಕೊಡಿ. ಎಟಿಎಂ ಕಾರ್ಡು ಎರಡನೆಯ ಖಾತೆಗೆ ಮಾತ್ರ ಇರಲಿ. ಸಾಮಾನ್ಯವಾಗಿ ತಪ್ಪುವುದು ಇಲ್ಲೇ. ಒಂದೇ ಖಾತೆಯಲ್ಲಿ ಎರಡು ಲಕ್ಷ ಕಂಡಾಗ ಎಲ್ಲರಿಗೂ ಧೈರ್ಯ ಬರುತ್ತದೆ, ಆಟಿ ತಿಂಗಳಲ್ಲಿ (ಜುಲೈ–ಆಗಸ್ಟಿನ ಮಳೆಗಾಲ) ಅದೇ ಪಾಸ್‌ಬುಕ್ ನೋಡಿ ನಿದ್ದೆ ಬರುವುದಿಲ್ಲ.

ಚಾಲಿಯನ್ನು, ಅಂದರೆ ಬಿಸಿಲಿಗೆ ಒಣಗಿಸಿದ ಹಣ್ಣಡಿಕೆಯನ್ನು, ಒಂದೇ ಸಲ ಕೊಡಬೇಡಿ. ಮೂರು ಪಾಲು ಮಾಡಿ. ಒಂದು ಮೇ ತಿಂಗಳ ಶಾಲೆ ಖರ್ಚಿಗೆ ಮತ್ತು ಕೊಳೆರೋಗಕ್ಕೆ ಮದ್ದು ಬಿಡುವುದಕ್ಕೆ, ಒಂದು ಆಟಿಗೆ, ಒಂದು ದೀಪಾವಳಿಯವರೆಗೆ. ಮೂರನೆಯ ಪಾಲು ಉಳಿಯಬೇಕಾದರೆ ಅಂಗಳದಲ್ಲಿ 40–45 ದಿನದ ಬಿಸಿಲು ಸಿಕ್ಕಿರಬೇಕು, ಅಲ್ಲಾಡಿಸಿದಾಗ ಸಿಪ್ಪೆಯ ಒಳಗೆ ಅಡಿಕೆ ಗಲಗಲ ಅನ್ನಬೇಕು. ಅರೆ ಒಣಗಿದ್ದು ಮಳೆಗೆ ಬೂಸ್ಟು ಹಿಡಿಯುತ್ತದೆ. ಅಂಥದ್ದನ್ನು ಮೊದಲೇ ಕೊಟ್ಟುಬಿಡಿ.

ಕೃಷಿ ಸಾಲ ಕಿಸಾನ್ ಕ್ರೆಡಿಟ್ ಕಾರ್ಡಿನದ್ದಾದರೆ 3 ಲಕ್ಷದವರೆಗೆ ಬಡ್ಡಿ ಶೇ. 7, ಗಡುವಿನೊಳಗೆ ಕಟ್ಟಿದವರಿಗೆ ಶೇ. 3 ರಿಯಾಯಿತಿ ಸಿಕ್ಕಿ ಶೇ. 4 ಮಾತ್ರ. ಹತ್ತು ದಿನ ತಡವಾದರೂ ಆ ರಿಯಾಯಿತಿ ಹೋಗುತ್ತದೆ. ಗಡುವಿನ ತಾರೀಕನ್ನು ಗೋಡೆಯ ಪಂಚಾಂಗದಲ್ಲಿ ಕೆಂಪು ಪೆನ್ನಿನಲ್ಲಿ ಬರೆಯಿರಿ.

ಮರ ಹತ್ತುವವರು ಇರುವ ಮನೆಯಲ್ಲಿ ಎರಡು ಸರ್ಕಾರಿ ವಿಮೆ ಇರಲೇಬೇಕು. ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಅಪಘಾತಕ್ಕೆ, 436 ರೂಪಾಯಿಯ ಜೀವನ್ ಜ್ಯೋತಿ ಯಾವ ಕಾರಣದ ಮರಣಕ್ಕೂ. ತಲಾ 2 ಲಕ್ಷ. ಕಂತು ಮೇ ಕೊನೆಗೆ ಖಾತೆಯಿಂದ ಹೋಗುತ್ತದೆ. ಮೇ ತಿಂಗಳೆಂದರೆ ಶಾಲೆಯ ಖರ್ಚಿಗೆ ಖಾತೆ ಬರಿದಾಗುವ ತಿಂಗಳು. ಆ ವಾರ 500 ರೂಪಾಯಿ ಖಾತೆಯಲ್ಲಿ ಇಲ್ಲದೆ ಎಷ್ಟೋ ಮನೆಗಳ ವಿಮೆ ಯಾರಿಗೂ ತಿಳಿಯದೆ ನಿಂತುಹೋಗುತ್ತದೆ.

ಇನ್ನು 15,000ದಲ್ಲಿ 500 ರೂಪಾಯಿಯನ್ನು ಸಂತೋಷಕ್ಕೆಂದೇ ಬೇರೆ ಡಬ್ಬಿಯಲ್ಲಿಡಿ. ಮೊದಲು ಕಡಿಯುವುದು ಇದನ್ನೇ ಎಂಬುದು ಗೊತ್ತು. ಕಡಿಯಬೇಡಿ. ಅಕ್ಕಿ, ಔಷಧ, ಸಾಲ ಇಷ್ಟೇ ಬರೆದಿರುವ ಲೆಕ್ಕದ ಪುಸ್ತಕವನ್ನು ಮನೆಯವರು ಮೂರು ತಿಂಗಳಿಗೆ ಬಿಟ್ಟುಬಿಡುತ್ತಾರೆ.

ಎರಡು ವರ್ಷ ಮಗು ಬೇಡ ಎಂದು ತೀರ್ಮಾನಿಸಿದ್ದೇವೆ. ಯಾವ ದಾರಿ ಒಳ್ಳೆಯದು?

ಕುಟುಂಬ ಆರೋಗ್ಯ ಕೇಂದ್ರದಲ್ಲಿ ಕೇಳಿ. ಇಲ್ಲಿ ಹೇಳುವ ಸರ್ಕಾರಿ ವಿಧಾನಗಳಿಗೆಲ್ಲ ದುಡ್ಡಿಲ್ಲ. ಅಲ್ಲಿಯ ನರ್ಸಿಗೆ ಅಥವಾ ಆಶಾ ಕಾರ್ಯಕರ್ತೆಗೆ ಹೇಳಲು ನಾಚಿಕೆಯೆಂದು ಕ್ಯಾಲೆಂಡರ್ ಲೆಕ್ಕದ ಮೇಲೆ ಕೂರಬೇಡಿ.

ಛಾಯಾ ಮಾತ್ರೆಯಲ್ಲಿ ಹಾರ್ಮೋನ್ ಇಲ್ಲ, ಹಾಲುಣಿಸುವವರಿಗೂ ಆಗುತ್ತದೆ. ಮುಟ್ಟಿನ ಮೊದಲ ದಿನ ಒಂದು, ಆಮೇಲೆ 3 ತಿಂಗಳು ವಾರಕ್ಕೆ ಎರಡು ದಿನ, 4ನೇ ತಿಂಗಳಿಂದ ವಾರಕ್ಕೆ ಒಂದೇ. ತಪ್ಪುವುದು ಈ ಬದಲಾವಣೆಯ ಹೊತ್ತಿನಲ್ಲಿ: ಮೊದಲ ಮಾತ್ರೆ ಭಾನುವಾರವಾಗಿದ್ದರೆ ವಾರಕ್ಕೆ ಒಂದಾದ ಮೇಲೂ ಅದು ಭಾನುವಾರವೇ ಇರಬೇಕು. ಮಾಲಾ-ಎನ್ ದಿನವೂ ಒಂದು. 21 ಹಾರ್ಮೋನಿನದ್ದು, 7 ಕಬ್ಬಿಣದ್ದು. ರಕ್ತದೊತ್ತಡ ಇರುವವರಿಗೆ, ಹೆರಿಗೆಯಾಗಿ 6 ತಿಂಗಳಾಗದೆ ಹಾಲುಣಿಸುತ್ತಿರುವವರಿಗೆ ಇದು ಬೇಡ.

ಅಂತರಾ ಚುಚ್ಚುಮದ್ದು 3 ತಿಂಗಳಿಗೊಮ್ಮೆ. ಮುಟ್ಟು ಏರುಪೇರಾಗುವುದು, ನಿಂತೇ ಹೋಗುವುದು ಸಾಮಾನ್ಯ, ಅದರಿಂದ ಅಪಾಯವಿಲ್ಲ. ಒಂದು ವಿಷಯ ಮಾತ್ರ ಮೊದಲೇ ತಿಳಿದಿರಲಿ: ಬಿಟ್ಟ ಮೇಲೆ ಗರ್ಭ ನಿಲ್ಲಲು ಕೊನೆಯ ಚುಚ್ಚುಮದ್ದಿನಿಂದ 7–10 ತಿಂಗಳು ಬೇಕಾಗಬಹುದು. ಒಂದೇ ವರ್ಷದ ಅಂತರ ಬೇಕಾದವರಿಗೆ ಇದು ಹೊಂದುವುದಿಲ್ಲ. ಗರ್ಭಕೋಶದೊಳಗೆ ಇಡುವ ಕಾಪರ್-ಟಿ 5 ವರ್ಷದ್ದೂ ಇದೆ, 10 ವರ್ಷದ್ದೂ ಇದೆ. ತೆಗೆಸಿದ ಕೂಡಲೇ ಗರ್ಭ ನಿಲ್ಲಬಹುದು. ಹೆರಿಗೆಯಾದ 48 ಗಂಟೆಗಳೊಳಗೆ ಆಸ್ಪತ್ರೆಯಲ್ಲೇ ಹಾಕಿಸಿಕೊಳ್ಳಬಹುದು. ಎರಡು ವರ್ಷದ ಅಂತರಕ್ಕೆ ನಾವು ಮೊದಲು ಸೂಚಿಸುವುದು ಇದನ್ನೇ. ಮಾತ್ರೆ ಮರೆಯುವ ಭಯವಿಲ್ಲ.

"ಹಾಲುಣಿಸುವಾಗ ಗರ್ಭ ನಿಲ್ಲುವುದಿಲ್ಲ" ಎಂಬುದು ಅರ್ಧ ಸತ್ಯ. ಮಗುವಿಗೆ 6 ತಿಂಗಳು ತುಂಬಿರಬಾರದು, ಹಗಲು ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿರಬಾರದು, ಮುಟ್ಟು ಮರಳಿರಬಾರದು. ಮೂರರಲ್ಲಿ ಒಂದು ತಪ್ಪಿದರೂ ಬೇರೆ ವ್ಯವಸ್ಥೆ ಬೇಕು. ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳ ಅಂತರ ಒಳ್ಳೆಯದು, ಗರ್ಭಪಾತವಾಗಿದ್ದರೆ 6 ತಿಂಗಳು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಗಂಡಸರು ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡರೆ ಮರ ಹತ್ತಲು ಆಗುವುದಿಲ್ಲವಂತೆ, ಹೌದೇ?

ಅಲ್ಲ. ಹೊಲಿಗೆ ಇಲ್ಲದ ಸಣ್ಣ ಚಿಕಿತ್ಸೆ, ಅದೇ ದಿನ ಮನೆಗೆ. ಎರಡು ದಿನ ವಿಶ್ರಾಂತಿ, ಒಂದು ವಾರ ಮರ ಹತ್ತುವುದು, ಭಾರ ಹೊರುವುದು ಬೇಡ, ಅಷ್ಟೇ. ಶಕ್ತಿ, ಸುಖ ಎರಡೂ ಮೊದಲಿನಂತೆಯೇ. ಎಡವುವುದು ಬೇರೆ ಕಡೆ: ಆಪರೇಷನ್ ಆದ ಮರುದಿನದಿಂದಲೇ ಪರಿಣಾಮ ಇರುವುದಿಲ್ಲ. 3 ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿ, ಅದರಲ್ಲಿ ಏನೂ ಇಲ್ಲವೆಂದು ಖಚಿತವಾದ ಮೇಲೆ ಬಿಡಬೇಕು. ಹೆಂಡತಿಯ ಶಸ್ತ್ರಚಿಕಿತ್ಸೆಗಿಂತ ಇದು ಸುಲಭ. ಆದರೂ ಆಸ್ಪತ್ರೆಗೆ ಹೋಗುವವಳು ಹೆಂಡತಿಯೇ ಆಗಿರುವುದು ನಮಗೆ ನೋವಿನ ಸಂಗತಿ.

ಮಗು ಬೇಕೆಂದು ನಿರ್ಧರಿಸಿದೆವು. ತಯಾರಿ ಎಲ್ಲಿಂದ?

ಫಾಲಿಕ್ ಆಸಿಡ್‌ನಿಂದ. ದಿನಕ್ಕೆ 400 ಮೈಕ್ರೋಗ್ರಾಂ, ಗರ್ಭ ನಿಲ್ಲುವುದಕ್ಕಿಂತ ಕನಿಷ್ಠ ಒಂದು ತಿಂಗಳು, ಸಾಧ್ಯವಾದರೆ ಮೂರು ತಿಂಗಳು ಮೊದಲಿನಿಂದ. ಮಗುವಿನ ಬೆನ್ನುಹುರಿಯ ನಾಳ ಮುಚ್ಚುವುದು ಮೊದಲ 4 ವಾರಗಳಲ್ಲಿ. ಮುಟ್ಟು ನಿಂತದ್ದು ಗೊತ್ತಾಗಿ ಡಾಕ್ಟರರ ಹತ್ತಿರ ಹೋಗುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ. ಜತೆಗೆ ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ರಕ್ತದೊತ್ತಡ, ಇಬ್ಬರ ರಕ್ತದ ಗುಂಪು ನೋಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಮೊದಲು ಅದನ್ನು ಏರಿಸಿ. ಕಬ್ಬಿಣದ ಮಾತ್ರೆಯನ್ನು ಚಹಾದ ಜತೆ, ಹಾಲಿನ ಜತೆ, ಕ್ಯಾಲ್ಸಿಯಂ ಮಾತ್ರೆಯ ಜತೆ ನುಂಗಿದರೆ ಮೈಗೆ ಹತ್ತುವುದಿಲ್ಲ. ಎರಡು ಗಂಟೆ ಅಂತರ ಇರಲಿ.

ನಮ್ಮ ಊರಿಗೆ ಹೆರಿಗೆಯ ತಿಂಗಳೂ ಮುಖ್ಯ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ 9 ತಿಂಗಳು, 7 ದಿನ ಕೂಡಿಸಿ. ಕೊನೆಯ ಮುಟ್ಟು ಸೆಪ್ಟೆಂಬರಿನಿಂದ ನವೆಂಬರ್ ನಡುವೆ ಆಗಿದ್ದರೆ ಹೆರಿಗೆ ಜೂನ್‌ನಿಂದ ಆಗಸ್ಟ್ ನಡುವೆ ಬರುತ್ತದೆ. ಜೀಪು ಮಾತ್ರ ಹತ್ತುವ ಗುಡ್ಡದ ಮನೆ, ಮಳೆಗೆ ಮರ ಬೀಳುವ ದಾರಿ, ತೋಡು ದಾಟಬೇಕಾದ ಜಾಗವಾದರೆ 37ನೇ ವಾರಕ್ಕೇ ಪೇಟೆಯ ಹತ್ತಿರದ ನೆಂಟರ ಮನೆಗೆ ಬಂದು ಇರಿ. ಏಪ್ರಿಲ್–ಮೇ ಹೆರಿಗೆಯಾದರೆ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು ಸಣ್ಣಗಾಗುವ ಕಾಲ. ಬಾಣಂತಿಗೂ ಮಗುವಿಗೂ ನೀರು ಬೇಕು, ಟ್ಯಾಂಕಿನ ವ್ಯವಸ್ಥೆ ಮಾರ್ಚಿನಲ್ಲೇ ಆಗಲಿ.

ಆಸ್ಪತ್ರೆ ಎಂದರೆ ಮಂಗಳೂರು ಎಂಬುದು ಇಲ್ಲಿಯ ರೂಢಿ. ಗಡಿಯ ಈಚೆಗೂ ಒಂದು ಆಸ್ಪತ್ರೆ ಗೊತ್ತು ಮಾಡಿಕೊಳ್ಳಿ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಅದರ ಬೆಲೆ ತಿಳಿಯಿತು. ಕಾಸರಗೋಡಿನ ಜನರಲ್ ಆಸ್ಪತ್ರೆಯಲ್ಲೋ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲೋ ಒಮ್ಮೆಯಾದರೂ ತೋರಿಸಿ, ಚೀಟಿ ಇಟ್ಟುಕೊಳ್ಳಿ. ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡಿನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ನೀವು ಹೋಗುವ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಎಂದು ಸೇರುವ ಮೊದಲು ಕೇಳಿ, ಸೇರಿದ ಮೇಲಲ್ಲ. ಮೊದಲ 12 ವಾರಗಳೊಳಗೆ ಗರ್ಭ ನೋಂದಣಿ ಆಗಲಿ. ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಬರುತ್ತದೆ, ಅಂಗನವಾಡಿಯಲ್ಲಿ ವಿಚಾರಿಸಿ.

ನಮ್ಮದು ಗೇರು ತೋಟದ ಪಕ್ಕದ ಊರು. ಎಂಡೋಸಲ್ಫಾನಿನ ಭಯದಿಂದ ಮಗುವೇ ಬೇಡ ಅನ್ನಿಸುತ್ತದೆ.

ಈ ಕೀಟನಾಶಕದಿಂದ ನಲುಗಿದ ಪಡ್ರೆ, ಎಣ್ಮಕಜೆಯ ಮನೆಗಳನ್ನು ನೋಡಿದವರಿಗೆ ಈ ಭಯ ಅರ್ಥವಾಗುತ್ತದೆ. ಇದನ್ನು ಮೂಢನಂಬಿಕೆ ಎಂದು ತಳ್ಳುವವರ ಮಾತಿಗೆ ಕಿವಿಗೊಡಬೇಡಿ. ಗೇರು ತೋಟಗಳಿಗೆ ಅದನ್ನು ಹೆಲಿಕಾಪ್ಟರಿನಿಂದ ಸಿಂಪಡಿಸುವುದು 2000ದ ಕೊನೆಗೆ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದನ್ನು ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಲು ಆದೇಶಿಸಿತು.

ಮುಂದಿನ ಮಗುವಿನ ಬಗ್ಗೆ ಯಾರೂ ಖಾತರಿ ಕೊಡಲಾರರು. ಯಾವ ಊರಿನಲ್ಲೇ ಆದರೂ ಹುಟ್ಟುವ 100 ಮಕ್ಕಳಲ್ಲಿ 2–3 ಮಕ್ಕಳಿಗೆ ಒಂದಲ್ಲ ಒಂದು ದೊಡ್ಡ ದೋಷ ಇರುತ್ತದೆ. ಮಾಡಬಹುದಾದದ್ದು ಹೀಗೆ. ಮನೆಯಲ್ಲಿ ಮೊದಲೇ ಅಂಥ ಮಗು ಇದ್ದರೆ ಗರ್ಭ ನಿಲ್ಲುವ ಮೊದಲೇ ಆ ಮಗುವಿನ ಎಲ್ಲ ಕಾಗದಗಳೊಂದಿಗೆ ವಂಶವಾಹಿ ತಜ್ಞರನ್ನು ಕಾಣಿ. ಕಾರಣ ಆನುವಂಶಿಕವೋ ಅಲ್ಲವೋ ಎಂಬುದರ ಮೇಲೆ ಮುಂದಿನ ಲೆಕ್ಕ ನಿಂತಿದೆ. ಬೆನ್ನುಹುರಿಯ ದೋಷ ಇದ್ದ ಮಗು ಹುಟ್ಟಿದ್ದರೆ ಫಾಲಿಕ್ ಆಸಿಡ್ 400 ಮೈಕ್ರೋಗ್ರಾಂ ಸಾಲದು, ಡಾಕ್ಟರರು ಹೆಚ್ಚಿನದನ್ನು ಬರೆಯುತ್ತಾರೆ. 18–20ನೇ ವಾರದ ಅಂಗಾಂಗಗಳ ಸ್ಕ್ಯಾನನ್ನು ಒಂದು ದಿನವೂ ಮುಂದೂಡಬೇಡಿ, ಏಕೆಂದರೆ ಏನಾದರೂ ಕಂಡರೆ ತೀರ್ಮಾನಕ್ಕೆ ಕಾಲ ಬೇಕು. ಗಂಭೀರ ದೋಷ ಕಂಡಾಗ 24 ವಾರ ದಾಟಿದ್ದರೂ ಗರ್ಭಪಾತಕ್ಕಾಗಿ ವೈದ್ಯಕೀಯ ಮಂಡಳಿಯ ಮುಂದೆ ಹೋಗಲು ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಲ್ಲಿ ಅವಕಾಶವಿದೆ. ಆ ಮಗುವನ್ನು ಹೆತ್ತು ಸಾಕುತ್ತೇವೆ ಎಂದರೆ ಅದೂ ನಿಮ್ಮದೇ ತೀರ್ಮಾನ, ಯಾರೂ ಪ್ರಶ್ನಿಸಬಾರದು.

ಮದುವೆಯಾಗಿ ಮೂರು ವರ್ಷ. ಗಂಡ ದುಬೈಯಲ್ಲಿ. ಎಲ್ಲರೂ "ವಿಶೇಷ ಏನೂ ಇಲ್ವಾ?" ಎಂದು ಕೇಳುತ್ತಾರೆ.

ಜತೆಗಿದ್ದ ದಿನಗಳನ್ನು ಮಾತ್ರ ಲೆಕ್ಕ ಹಾಕಿ. ವರ್ಷಕ್ಕೆ 40 ದಿನ ರಜೆ ಎಂದರೆ ಮೂರು ವರ್ಷದಲ್ಲಿ ನೀವು ಒಟ್ಟಿಗೆ ಇದ್ದದ್ದು ನಾಲ್ಕು ತಿಂಗಳು. ಬಂಜೆತನವೆಂದು ಪರೀಕ್ಷೆ ಶುರುಮಾಡುವುದು ಒಟ್ಟಿಗಿದ್ದು 12 ತಿಂಗಳಾದರೂ ಗರ್ಭ ನಿಲ್ಲದಿದ್ದಾಗ, ಹೆಂಡತಿಗೆ 35 ದಾಟಿದ್ದರೆ 6 ತಿಂಗಳಿಗೆ. ಅತ್ತೆಗೆ ಈ ನಾಲ್ಕು ತಿಂಗಳ ಲೆಕ್ಕವನ್ನು ಹೇಳಬೇಕಾದವರು ಅವರ ಮಗ, ಸೊಸೆಯಲ್ಲ. ಫೋನಿನಲ್ಲಿ ಹೀಗಂದರೆ ಸಾಕು: "ಅಮ್ಮಾ, ನಾವು ಒಟ್ಟಿಗೆ ಇದ್ದದ್ದೇ ನಾಲ್ಕು ತಿಂಗಳು. ಅವಳ ಹತ್ತಿರ ಕೇಳಬೇಡಿ, ಕೇಳುವುದಿದ್ದರೆ ನನ್ನ ಹತ್ತಿರ ಕೇಳಿ."

30 ದಿನದ ರಜೆಯಲ್ಲಿ ಸಿಗುವುದು ಒಂದೇ ಋತುಚಕ್ರ. 28 ದಿನಕ್ಕೆ ಮುಟ್ಟಾಗುವವರಿಗೆ ಗರ್ಭ ನಿಲ್ಲುವ ದಿನಗಳು ಸುಮಾರು 10ರಿಂದ 16ರವರೆಗೆ. ಟಿಕೆಟ್ ಮಾಡುವ ಮೊದಲು ಈ ಲೆಕ್ಕ ನೋಡಿ, ಸಾಧ್ಯವಾದರೆ ಎರಡು ವರ್ಷದ ರಜೆಯನ್ನು ಸೇರಿಸಿ 60 ದಿನ ಬನ್ನಿ. ದಿನದ ಫೋನಿಗೂ ಒಂದು ಹೊತ್ತು ಗೊತ್ತಿರಲಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ, ಕತಾರ್, ಕುವೈತ್ ಎರಡೂವರೆ ಗಂಟೆ. ವಾರದಲ್ಲಿ ಒಂದು ಕರೆಯಲ್ಲಾದರೂ ಹಣದ ಮಾತು ಬೇಡ.

ಮನೆಯಲ್ಲಿ ಸಾವಾಗಿದೆ. ವರ್ಷಾಂತಿಕ ಕಳೆಯದೆ ನಗುವುದೂ ತಪ್ಪು ಅನ್ನಿಸುತ್ತದೆ.

ಆ ವರ್ಷ ಹಬ್ಬ ಇಲ್ಲ ಎಂಬ ಕ್ರಮವನ್ನು ಪಾಲಿಸಿ, ಅದು ದುಃಖಕ್ಕೆ ಸಿಕ್ಕ ಜಾಗ. ಆದರೆ ಮಕ್ಕಳಿಗೆ ಆ ಕ್ರಮವನ್ನು ಹೇರಬೇಡಿ. ಪಕ್ಕದ ಮನೆಯ ದೀಪಾವಳಿಯ ಬಲೀಂದ್ರ ಪೂಜೆಗೆ ಕಳಿಸಿ. ಹೋದವರ ಬಗ್ಗೆ ಮಾತಾಡಿ, ಅವರಿಗೆ ಇಷ್ಟವಿದ್ದ ಪತ್ರೊಡೆಯನ್ನೇ ಮಾಡಿ ಬಡಿಸಿ.

ರೋಗಿಯನ್ನು ನೋಡಿಕೊಳ್ಳುವವರ ಕಷ್ಟ ಇನ್ನೊಂದು. ಅವರಿಗೆ ವಾರಕ್ಕೆ ಒಂದು ಮಧ್ಯಾಹ್ನ ಬಿಡುವು ಕೊಡಿ. "ಯಾವಾಗಲಾದರೂ ಹೋಗಿ ಬಾ" ಎಂದರೆ ಯಾರೂ ಹೋಗುವುದಿಲ್ಲ. "ಬುಧವಾರ 3ರಿಂದ 6, ನಾನು ಕೂರುತ್ತೇನೆ" ಎನ್ನಬೇಕು. ಪಂಚಾಯತಿಯ ಸಾಂತ್ವನ ಆರೈಕೆಯ ನರ್ಸ್ ಮನೆಗೇ ಬರುತ್ತಾರೆ, ವಾರ್ಡ್ ಸದಸ್ಯರಲ್ಲಿ ಹೆಸರು ಬರೆಸಿ.

ದುಡ್ಡಿಲ್ಲದೆ ಮನೆಮಂದಿಗೆ ಏನು ಸಂತೋಷ?

ಎಲ್ಲರ ಕೈ ಸೇರುವ ಕೆಲಸ ಹುಡುಕಿ. ಏಪ್ರಿಲ್–ಮೇಯಲ್ಲಿ ಹಲಸಿನ ಹಪ್ಪಳಕ್ಕಿಂತ ಒಳ್ಳೆಯದು ಇಲ್ಲ. ಕಾಯಿ ಬೆಳೆದಿರಬೇಕು, ಹಣ್ಣಿಗೆ ತಿರುಗಿರಬಾರದು. ಎಳೆಯದಾದರೆ ಹಪ್ಪಳ ಒಣಗುವಾಗ ಬಿರಿಯುತ್ತದೆ, ಹಣ್ಣಿನ ಅಂಶ ಬಂದಿದ್ದರೆ ಕರಿಯುವಾಗ ಕೆಂಪಾಗಿ ಕಹಿಯಾಗುತ್ತದೆ. 1 ಕಿಲೋ ಸೊಳೆಯನ್ನು 15–20 ನಿಮಿಷ ಹಬೆಯಲ್ಲಿ ಬೇಯಿಸಿ. ನೀರು ಬೀಳಬಾರದು, ಬಿದ್ದರೆ ಹಿಟ್ಟು ಅಂಟುತ್ತದೆ. ಬಿಸಿ ಇರುವಾಗಲೇ 6–8 ಒಣಮೆಣಸು, 1 ಚಮಚ ಜೀರಿಗೆ, 2 ಚಮಚ ಉಪ್ಪು ಹಾಕಿ ಗುದ್ದಿ. ಉಪ್ಪು ನಾಲಗೆಗೆ ಸ್ವಲ್ಪ ಕಡಿಮೆ ಅನ್ನಿಸಬೇಕು, ಒಣಗಿದಾಗ ಸರಿಯಾಗುತ್ತದೆ. ಲಿಂಬೆ ಗಾತ್ರದ ಉಂಡೆ ಸುಮಾರು 30 ಬರುತ್ತವೆ. ಉಂಡೆ ಕಟ್ಟುವುದು ಮಕ್ಕಳಿಗೆ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಮಣೆಯಲ್ಲಿ ಒತ್ತುವುದು ದೊಡ್ಡವರಿಗೆ, ಚಾಪೆಯ ಹತ್ತಿರ ಕೋಲು ಹಿಡಿದು ಕಾಗೆ ಓಡಿಸುವುದು ಅಜ್ಜನಿಗೆ. ಎರಡು ಮೂರು ಬಿಸಿಲು ಕೊಟ್ಟು, 25ರ ಕಟ್ಟು ಕಟ್ಟಿ ಡಬ್ಬಿಯಲ್ಲಿಡಿ. ಆಟಿಯ ಸಂಜೆ ಕರೆಂಟಿಲ್ಲದೆ ಕೂತಾಗ ಆ ಡಬ್ಬಿ ತೆರೆಯುವುದೇ ಒಂದು ಹಬ್ಬ.

ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ಜಗಲಿಯಲ್ಲಿ ತಾಳಮದ್ದಳೆ ಇಡಿಸಬಹುದು. ಊರಿನ ಹವ್ಯಾಸಿಗಳು ಬಂದರೆ ಖರ್ಚು ಚಹಾ, ಅವಲಕ್ಕಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯ ಸುತ್ತಮುತ್ತ ಅರ್ಥ ಹೇಳುವವರಿಗೆ ಬರವಿಲ್ಲ.

ಮನೆಯ ಕಷ್ಟ ಮಕ್ಕಳಿಗೆ ಹೇಳಬೇಕೇ?

ಹೇಳಿ, ಮೂರು ವಾಕ್ಯದಲ್ಲಿ. "ಈ ವರ್ಷ ಅಡಿಕೆ ಕಡಿಮೆ. ನಿನ್ನ ಶಾಲೆ ಬದಲಾಗುವುದಿಲ್ಲ, ನಾವು ಎಲ್ಲಿಗೂ ಹೋಗುವುದಿಲ್ಲ. ನಿನ್ನ ಸೈಕಲ್ ಮುಂದಿನ ವರ್ಷ." ಸಾಲದ ಮೊತ್ತ ಹೇಳಬೇಕಾಗಿಲ್ಲ. ಏನೂ ಹೇಳದಿದ್ದರೆ ಅರ್ಧ ಕೇಳಿದ ಮಾತಿನಿಂದ ಮಕ್ಕಳು ಇನ್ನೂ ದೊಡ್ಡ ಭಯ ಕಟ್ಟಿಕೊಳ್ಳುತ್ತಾರೆ.

ಏನು ಮಾಡಿದರೂ ಸಂತೋಷವಾಗುವುದಿಲ್ಲ. ಇದು ಬೇಸರವೇ, ಕಾಯಿಲೆಯೇ?

ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆ, ಊಟ, ಕೆಲಸ ಮೂರೂ ಕೆಟ್ಟಿದ್ದರೆ ಡಾಕ್ಟರರನ್ನು ಕಾಣಬೇಕು. ಹೆರಿಗೆಯಾದ ಮೊದಲ ವಾರ ಸುಮ್ಮನೆ ಅಳು ಬರುವುದು ಸಹಜ. ಎರಡು ವಾರ ದಾಟಿಯೂ ಹಾಗೇ ಇದ್ದರೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲದಿದ್ದರೆ ಅದು ಬಾಣಂತಿ ಖಿನ್ನತೆ, ಚಿಕಿತ್ಸೆ ಇದೆ. "ದೃಷ್ಟಿ ತಾಗಿದೆ" ಎಂದು ನೂಲು ಕಟ್ಟಿಸುವುದಾದರೆ ಕಟ್ಟಿಸಿ, ಡಾಕ್ಟರರ ಹತ್ತಿರವೂ ಕರೆದುಕೊಂಡು ಹೋಗಿ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಬದುಕುವುದೇ ಬೇಡ ಎಂಬ ಮಾತು ಯಾರ ಬಾಯಲ್ಲಿ ಬಂದರೂ ಅವರನ್ನು ಒಬ್ಬರೇ ಬಿಡಬೇಡಿ, ತೋಟದ ಮದ್ದನ್ನು ಬೀಗ ಹಾಕಿಡಿ, ಆಗಲೇ ಫೋನ್ ಮಾಡಿ.

ಅರ್ಜಿಗಳೆಲ್ಲ ಮಲಯಾಳದಲ್ಲಿವೆ. ಕನ್ನಡದಲ್ಲಿ ಬರೆಯಬಹುದೇ?

ಬರೆಯಬಹುದು. ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು 1969ರ ಕೇರಳ ಆಡಳಿತ ಭಾಷಾ ಕಾಯ್ದೆಯಲ್ಲೇ ಇದೆ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ, ಓದಿ ಹೇಳಿಸಿಕೊಳ್ಳಿ.

ಮಗುವಿನ ಜನನವನ್ನು 21 ದಿನಗಳೊಳಗೆ ನೋಂದಾಯಿಸಿ. ಹೆಸರು ಅಷ್ಟರಲ್ಲಿ ಗೊತ್ತಾಗದಿದ್ದರೂ ಅಡ್ಡಿಯಿಲ್ಲ, 12 ತಿಂಗಳವರೆಗೆ ಶುಲ್ಕವಿಲ್ಲದೆ ಸೇರಿಸಬಹುದು. ಆದರೆ ತಂದೆತಾಯಿಯರ ಹೆಸರಿನ ಇಂಗ್ಲಿಷ್ ಅಕ್ಷರಗಳು, ಮನೆತನದ ಇನಿಷಿಯಲ್ ಎರಡೂ ಆಧಾರ್ ಕಾರ್ಡಿನಲ್ಲಿ ಇರುವಂತೆಯೇ ಇರಲಿ. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ ಇಂಗ್ಲಿಷಿಗೆ ಬರುವಾಗ ಒಂದು ಅಕ್ಷರ ಬದಲಾಗುವುದು ಇಲ್ಲಿ ದಿನನಿತ್ಯದ ಮಾತು. ಪ್ರಮಾಣಪತ್ರ ಕೈಗೆ ಬಂದಾಗ ಕೌಂಟರಿನ ಮುಂದೆಯೇ ನಿಂತು ಓದಿ, ಅಲ್ಲೇ ತಿದ್ದಿಸಿಕೊಂಡು ಬನ್ನಿ.